ಬೇಲ್ ಸಿಕ್ಕಿ ಹದಿನೇಳು ತಿಂಗಳಾಯ್ತು, ಬೀಗ ಇನ್ನೂ ನಾನೇ ಹಾಕ್ತಿದೀನಿ: ಒಬ್ಬ ಜೈಲ್ ವಾರ್ಡರ್ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿ,
ನಮ್ಮ ಜಿಲ್ಲೆ.

ಮಾನ್ಯರೇ,

ನಮಸ್ಕಾರ. ನಾನೊಬ್ಬ ಜೈಲ್ ವಾರ್ಡರ್, ಸರ್ವೀಸಿಗೆ ಸೇರಿ ಹನ್ನೊಂದು ವರ್ಷ ಆಯ್ತು. ಹೆಸರು, ಯಾವ ಜೈಲು, ಯಾವ ಜಿಲ್ಲೆ ಅಂತ ಬರೀತಿಲ್ಲ, ಯಾಕೆ ಅಂತ ತಮಗೆ ಗೊತ್ತಿರೋದೇ, ನಡತೆ ನಿಯಮ ಅಂತ ಒಂದಿದೆ, ಮನೇಲಿ ಇಬ್ರು ಮಕ್ಕಳಿದಾರೆ, ಸೈಟ್ ಲೋನ್ ಇನ್ನೂ ಎಂಟು ವರ್ಷ ಕಟ್ಟೋದಿದೆ. ಹೇಡಿ ಅಂದ್ರೂ ಪರವಾಗಿಲ್ಲ. ತಮ್ಮ ಸಮಿತೀಲಿ ಜಿಲ್ಲಾ ನ್ಯಾಯಾಧೀಶರು, ಡಿಸಿ ಸಾಹೇಬ್ರು, ಎಸ್ಪಿ ಸಾಹೇಬ್ರು, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗಳು, ನಮ್ಮ ಜೈಲಿನ ಸಾಹೇಬ್ರು ಎಲ್ಲ ಒಂದೇ ಟೇಬಲ್ ಸುತ್ತ ಕೂರ್ತೀರಿ, ಅದಕ್ಕೇ ಬೇರೆ ಯಾರಿಗೋ ಬರೆಯೋ ಬದಲು ತಮಗೇ ಬರೀತಿದೀನಿ.

ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ನಮ್ಮ ಹಿರಿಯ ವಾರ್ಡರ್ ಒಬ್ರು ಹೇಳ್ಕೊಟ್ಟಿದ್ರು, ಒಳಗೆ ಯಾರು ಬಂದ್ರು ಯಾಕೆ ಬಂದ್ರು ಅನ್ನೋದು ನಿನ್ ತಲೆನೋವಲ್ಲ ಕಣಯ್ಯ, ವಾರಂಟ್ ನೋಡು, ತಲೆ ಎಣಿಸು, ಬೀಗ ಒಂದ್ಸಲ ಎಳೆದು ನೋಡು, ಮನೆಗೆ ಹೋಗಿ ನಿದ್ದೆ ಮಾಡು ಅಂತ. ಹತ್ತು ವರ್ಷ ಹಂಗೇ ಮಾಡ್ದೆ, ನಿದ್ದೇನೂ ಚೆನ್ನಾಗೇ ಬರ್ತಿತ್ತು. ಕೊಲೆ ಮಾಡ್ದೋರು, ಮಕ್ಕಳ ಮೈ ಮುಟ್ಟಿದೋರು, ಎಲ್ಲರ ಮೇಲೂ ಬೀಗ ಹಾಕಿದೀನಿ, ಅದ್ರ ಬಗ್ಗೆ ಒಂದು ಚೂರೂ ಬೇಜಾರಿಲ್ಲ, ಇದು ಜೈಲೇ ಬೇಡ ಅನ್ನೋರ ಪತ್ರ ಅಲ್ಲ ಅಂತ ಮೊದಲೇ ಹೇಳ್ಬಿಡ್ತೀನಿ.

ಈಗ ವಿಷಯ. ನನ್ನ ಬ್ಯಾರಕ್ಕಲ್ಲಿ ಒಬ್ಬ ಯುಟಿ, ಅಂದ್ರೆ ಕೇಸ್ ಇನ್ನೂ ಮುಗಿಯದ ವಿಚಾರಣಾಧೀನ ಕೈದಿ, ಇದಾನೆ, ವಯಸ್ಸು ಮೂವತ್ತರ ಮೇಲೆ, ಯಾದಗಿರಿ ಕಡೆಯವನು. ಗುಳೆ ಬಂದವನು, ನಮ್ಮ ಕಡೆ ಬಿಲ್ಡಿಂಗ್ ಕೆಲಸಕ್ಕೆ. ಬ್ಯಾರಕ್ಕಲ್ಲಿ ಎಲ್ರೂ ಅವನನ್ನ ಮೇಸ್ತ್ರಿ ಅಂತಾರೆ, ಆದ್ರೆ ಅವನು ಮೇಸ್ತ್ರಿ ಅಲ್ಲ, ಮೇಸ್ತ್ರಿ ಕೈ ಕೆಳಗೆ ಗಾರೆ ಕೆಲಸ ಮಾಡ್ತಿದ್ದವನು. 2023ರ ನವೆಂಬರಲ್ಲಿ ಬೋರ್‌ವೆಲ್ ಕೇಬಲ್ ಕಳ್ಳತನ ಅಂತ ಹಿಡ್ಕೊಂಡು ಬಂದ್ರು, ಐಪಿಸಿ 379. ಒಂದು ವಾರ ಆದ್ಮೇಲೆ ಅದೇ ಥರದ್ದು ಪಕ್ಕದ ಸ್ಟೇಷನ್ನಿನ ಇನ್ನೊಂದು ಹಳೇ ಕೇಸಲ್ಲೂ ಬಾಡಿ ವಾರಂಟ್ (ಜೈಲಲ್ಲಿರೋನನ್ನ ಬೇರೆ ಕೇಸಿಗೆ ಹಾಜರು ಮಾಡಿ ಅನ್ನೋ ಕೋರ್ಟ್ ಆದೇಶ) ಮೇಲೆ ಕರ್ಕೊಂಡು ಹೋಗಿ ವಾಪಸ್ ತಂದು ಬಿಟ್ರು. ಎರಡು ಕೇಸೂ ಸೇರಿದ್ರೆ ಮಾಲಿನ ಬೆಲೆ ಇಪ್ಪತ್ತು ಸಾವಿರ ದಾಟಲ್ಲ. ಅವನು ಕದ್ದಿಲ್ಲ ಅಂತ ನಾನು ಹೇಳ್ತಿಲ್ಲ, ಕದ್ದಿದಾನೆ ಅಂತಾನೂ ಹೇಳ್ತಿಲ್ಲ, ನಂಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿರೋದು ಕೋರ್ಟಿಗೆ, ಅಲ್ಲಿ ಇನ್ನೂ ಒಬ್ಬ ಸಾಕ್ಷೀನೂ ಕಟಕಟೆ ಹತ್ತಿಲ್ಲ.

ಮೊದಲು ಅವನು ನನ್ನ ಕಣ್ಣಿಗೆ ಬಿದ್ದಿದ್ದು ಗೋಡೆ ವಿಷಯಕ್ಕೆ. ಸಂಜೆ ಲಾಕಪ್ ಟೈಮಲ್ಲಿ ಎಲ್ರೂ ಸಾಲಾಗಿ ಕೂತಿದ್ರೆ ಇವನು ಗೋಡೆ ಕಡೆ ತಿರುಗಿ ಬೆರಳ ಗಂಟಿಂದ ಕುಟ್ಟಿ ಕುಟ್ಟಿ ನೋಡ್ತಿದ್ದ, ನಾನು ಏನೋ ಕನ್ನ ಕೊರೀತಿದಾನೆ ಅಂತ ಲಾಠಿ ಎತ್ಕೊಂಡೇ ಹೋದೆ. ಅವನು ಎದ್ದು ನಿಂತು, "ಸರ, ಇಲ್ಲಿ ಟೊಳ್ಳು ಆಗ್ಯಾದ ನೋಡ್ರಿ, ಉಸುಕು ಸಾಣಿಸಿಲ್ರಿ, ನೀರೂ ಸರಿ ಹೊಡದಿಲ್ಲ, ಮುಂದಿನ ಮಳಿಗಿ ಬೀಳ್ತದ" ಅಂದ. ಸುಮ್ನೆ ಕೂತ್ಕೊಳಲೇ ಅಂತ ಬೈದೆ. ಜೂನ್ ಮಳೇಲಿ ಅವನು ತೋರ್ಸಿದ ಜಾಗದ್ದೇ ಸಿಮೆಂಟು ಒಂದು ಹಾಸಿಗೆ ಅಗಲ ಉದುರಿ ಬಿತ್ತು, ಪುಣ್ಯಕ್ಕೆ ಕೆಳಗೆ ಯಾರೂ ಮಲಗಿರಲಿಲ್ಲ.

ಅದಾದ್ಮೇಲೆ ನಾನು ಒಂದು ತಪ್ಪು ಮಾಡ್ದೆ, ಆಗ ತಪ್ಪು ಅನ್ನಿಸಿರಲಿಲ್ಲ. ಆಫೀಸ್ ಬಾಗಿಲ ಹತ್ರ ಮೆಟ್ಟಿಲು ಒಡೆದುಹೋಗಿತ್ತು, ಪಿಡಬ್ಲ್ಯುಡಿಗೆ ಬರೆದ್ರೆ ವರ್ಷ ಆಗುತ್ತೆ ಅಂತ ಇವನ ಕೈಗೆ ಕರಣೆ ಕೊಟ್ಟು ಮಾಡಿಸ್ಬಿಟ್ಟೆ. ವಿಚಾರಣಾಧೀನ ಕೈದಿ ಕೈಲಿ ಹಂಗೆ ಕೆಲಸ ಮಾಡಿಸೋ ಹಂಗಿಲ್ಲ, ಶಿಕ್ಷೆ ಆದೋರಿಗಾದ್ರೆ ಕೂಲಿ ಅಂತ ಅಕೌಂಟಿಗೆ ಬೀಳುತ್ತೆ, ಇವನಿಗೆ ಅದೂ ಇಲ್ಲ. ಎರಡು ದಿನ ಮಾಡ್ದ. ನಾನು ಒಂದು ಕಟ್ಟು ಬೀಡಿ ಕೊಟ್ಟೆ. ಮುಗಿದ ಮೇಲೂ ಮೂರು ದಿನ, ದಿನಕ್ಕೆ ಎರಡು ಸಲ ಬಕೆಟ್ಟಲ್ಲಿ ನೀರು ಕೇಳಿ ಇಸ್ಕೊಂಡು ಹೋಗಿ ಹೊಡೀತಿದ್ದ, ಯಾರೂ ಹೇಳ್ದೇನೇ. ಆ ಮೆಟ್ಟಿಲ ಮೇಲೇ ನಾನು ದಿನಾ ಹತ್ತಿ ಹೋಗಿ ಅವನನ್ನ ಒಳಗೆ ಹಾಕಿರೋ ರಿಜಿಸ್ಟರಿಗೆ ಸೈನ್ ಮಾಡ್ತೀನಿ.

ಹೆಂಡತಿ ಒಂದೇ ಒಂದು ಸಲ ಬಂದಿದ್ಲು, ರಾತ್ರಿ ಇಡೀ ಬಸ್ಸಲ್ಲಿ ಕೂತು. ಬಟ್ಟೆ ಗಂಟಲ್ಲಿ ಜೋಳದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ರೂಲು ಪುಸ್ತಕದಲ್ಲಿ ಏನೇ ಇರಲಿ, ನಮ್ಮ ಗೇಟಲ್ಲಿ ಹೊರಗಿನ ಊಟ ಬಿಡಲ್ಲ, ಗೇಟ್ ಡ್ಯೂಟಿ ಅವತ್ತು ನಂದೇ ಇತ್ತು, ಆಗಲ್ಲಮ್ಮ ವಾಪಸ್ ತಗೊಂಡೋಗು ಅಂದೆ. ಅವಳು ಸ್ವಲ್ಪ ಹೊತ್ತು ನಿಂತು, "ತಿರುಗಿ ಏನ್ ಒಯ್ಲಿ ಸಾಹೇಬ್ರ, ನೀವಾ ತಿನ್ರಿ" ಅಂತ ಗಂಟು ಅಲ್ಲೇ ಇಟ್ಟು ಹೋದ್ಲು. ನಾವು ಮೂರು ಜನ ಮಧ್ಯಾಹ್ನ ತಿಂದ್ವಿ. ಚಟ್ನಿ ಚೆನ್ನಾಗಿತ್ತು. ಸಂಜೆ ಎಣಿಕೆ ಟೈಮಲ್ಲಿ ಇವನು ಮೆಲ್ಲಗೆ ಕೇಳ್ದ, "ಸರ, ರೊಟ್ಟಿ ಮೆತ್ತಗಾಗಿದ್ವೇನ್ರಿ?" ಭೇಟೀಲಿ ಹೆಂಡತಿ ಹೇಳಿರ್ಬೇಕು. ನಾನು ಇಲ್ಲಪ್ಪ ಚೆನ್ನಾಗಿದ್ವು ಅಂದೆ. ಅವನು ತಲೆ ಆಡಿಸಿ ಮುಂದಕ್ಕೆ ಹೋದ. ಹನ್ನೊಂದು ವರ್ಷದ ಸರ್ವೀಸಲ್ಲಿ ಮಾಡಬಾರದ್ದು ಇನ್ನೂ ಎಷ್ಟೋ ಮಾಡಿದೀನಿ, ಅವು ಯಾವೂ ಕಾಡಲ್ಲ, ಇದು ಕಾಡುತ್ತೆ.

ಅಷ್ಟಾದ್ರೂ ನಾನು ಅಂದ್ಕೊಂಡಿದ್ದು, ಪಾಪ ಬೇಲ್ ಸಿಕ್ಕಿಲ್ಲ ಏನ್ಮಾಡೋದು, ಕೋರ್ಟಿನ ವಿಷಯ ಅಂತ. ಈ ವರ್ಷ ಮಾರ್ಚಲ್ಲಿ ರಿಲೀಸ್ ನೋಡೋ ಕ್ಲರ್ಕು ಹದಿನೈದು ದಿನ ರಜಾ ಹೋದಾಗ ನನ್ನನ್ನ ಆ ಟೇಬಲ್ಲಿಗೆ ಹಾಕಿದ್ರು, ಆಗ ಇವನ ಫೈಲ್ ಕೈಗೆ ಬಂತು. ಮೊದಲನೇ ಕೇಸಲ್ಲಿ 2023ರ ಡಿಸೆಂಬರಲ್ಲೇ ಬೇಲ್ ಆಗಿದೆ, ಎರಡನೇದ್ರಲ್ಲಿ 2024ರ ಫೆಬ್ರವರಿ. ಲೀಗಲ್ ಏಡ್ ವಕೀಲರು ತಮ್ಮ ಕೆಲಸ ಮಾಡಿದಾರೆ, ಕೋರ್ಟೂ ಕೊಟ್ಟಿದೆ. ಕಂಡೀಷನ್ ಏನಪ್ಪಾ ಅಂದ್ರೆ ಒಂದೊಂದು ಕೇಸಿಗೂ 50 ಸಾವಿರದ ಬಾಂಡು, ತಲಾ ಇಬ್ಬರು ಶ್ಯೂರಿಟಿ. ಅಂದ್ರೆ ಪಹಣಿ, ಆಧಾರ್ ಎಲ್ಲ ಹಿಡ್ಕೊಂಡು ನಾಲ್ಕು ಜನ ಬಂದು ಈ ಮನುಷ್ಯ ನಮ್ಮೋನು ಅಂತ ನಿಂತ್ಕೋಬೇಕು. ಊರಲ್ಲಿ ಅಣ್ಣಂದು ಎರಡು ಎಕರೆ ಒಣಬೇಸಾಯ ಇದೆ, ಅವನು ಪಹಣಿ ತಗೊಂಡು ಒಂದ್ಸಲ ಬಂದೂ ಇದ್ದ, ಕೋರ್ಟ್ ಹಾಲ್ ತನಕ ಹೋಗ್ಲೇ ಇಲ್ಲ, ಹೊರಗಡೆ ಯಾರೋ ಲೋಕಲ್ ಶ್ಯೂರಿಟಿನೇ ಬೇಕು ಅಂದ್ರಂತೆ, ಅವನು ವಾಪಸ್ ಬಸ್ ಹತ್ತಿದ. ಆರ್ಡರಲ್ಲಿ ಲೋಕಲ್ ಅನ್ನೋ ಪದಾನೇ ಇಲ್ಲ, ನಾನು ಎರಡೆರಡು ಸಲ ಓದಿ ನೋಡಿದೀನಿ.

ಅಲ್ಲಿಂದ ನನ್ನ ನಿದ್ದೆ ಕೆಟ್ಟಿದ್ದು. ನ್ಯಾಯಾಧೀಶರು ಹೋಗಬಹುದು ಅಂತ ಸೈನ್ ಹಾಕಿರೋ ಮನುಷ್ಯನ ಮೇಲೆ ನಾನು ದಿನಾ ಸಂಜೆ ಬೀಗ ಹಾಕ್ತಿದೀನಿ. ಕಳ್ಳನ್ನ ಕಾಯ್ತಿದೀನಿ ಅಂದ್ಕೊಂಡಿದ್ದೆ, ಕಾಯ್ತಿರೋದು ಆ ಊರಿಗೂ ಈ ಊರಿಗೂ ಇರೋ ಐನೂರು ಕಿಲೋಮೀಟರನ್ನ. ಗಳಿಗೆಗೊಂದ್ಸಲ ಹಿಂಗೆ ಯೋಚನೆ ಬಂದ್ರೆ ವಾರ್ಡರ್ ಕೆಲಸ ಮಾಡಕ್ಕಾಗಲ್ಲ ಸ್ವಾಮಿ. ನಾವೂ ಒಂಥರಾ ಕೈದಿಗಳೇ ಬಿಡ್ರಿ ಅಂತ ನಮ್ಮ ಸ್ಟಾಫ್ ತಮಾಷೆ ಮಾಡ್ತಿರ್ತಾರೆ, ನಾನೂ ಮಾಡ್ತಿದ್ದೆ, ಈಗ ಬಿಟ್ಟಿದೀನಿ, ಯಾಕಂದ್ರೆ ನಾನು ಶಿಫ್ಟ್ ಮುಗಿಸಿ ಬೈಕ್ ಹತ್ತಿ ಮನೆಗೆ ಹೋಗ್ತೀನಿ.

ಇನ್ನೊಂದು ಹೇಳ್ಬೇಕು, ಇದೇ ಎಲ್ಲಕ್ಕಿಂತ ಕಷ್ಟದ್ದು. ಇವನ ತಾರೀಖು ಎಲ್ಲ ವಿಸೀಲೇ, ಅಂದ್ರೆ ವಿಡಿಯೋ ಕಾನ್ಫರೆನ್ಸಲ್ಲೇ, ಎಸ್ಕಾರ್ಟಿಗೆ ಪೊಲೀಸ್ ಸಿಗಲ್ಲ. ಟಿವಿ ಮುಂದೆ ನಿಲ್ಲಿಸ್ತೀವಿ, ಹೆಸರು ಕರೀತಾರೆ, ಹಾಜರ್ ಅಂತಾನೆ, ಸಾಕ್ಷಿ ಬಂದಿಲ್ಲ, ಮುಂದಿನ ತಾರೀಖು, ಒಟ್ಟು ಒಂದು ನಿಮಿಷ, ನೆಟ್‌ವರ್ಕ್ ಹೋದ್ರೆ ಅದೂ ಇಲ್ಲ. ಏಪ್ರಿಲಲ್ಲಿ ಹಂಗೆ ವಾಪಸ್ ಕರ್ಕೊಂಡು ಬರ್ತಾ ಇದ್ದಾಗ ಕೇಳ್ದ, "ಸರ, ತಪ್ಪು ಒಪ್ಕೊಂಡ್ರ ಮನಿಗಿ ಬಿಡ್ತಾರಂತ, ಖರೇನ್ರಿ?" ಇದು ಎಲ್ಲ ಯುಟಿಗಳೂ ಕೇಳೋ ಪ್ರಶ್ನೆ. ನಾನು ಹತ್ತು ವರ್ಷದಲ್ಲಿ ಎಷ್ಟೋ ಹುಡುಗರಿಗೆ ಒಪ್ಕೊಂಬಿಡೋ, ಒಳಗಿದ್ದ ದಿನ ವಜಾ ಮಾಡ್ಕೊಂಡು ಬಿಟ್ ಕಳಿಸ್ತಾರೆ ಅಂತ ಹೇಳಿದೀನಿ, ಒಳ್ಳೇದೇ ಮಾಡ್ತಿದೀನಿ ಅಂತ ಅಂದ್ಕೊಂಡು. ಇವನಿಗೂ ಅದನ್ನೇ ಹೇಳ್ದೆ. ಅವನು ನಾಲ್ಕು ಹೆಜ್ಜೆ ಸುಮ್ನೆ ನಡೆದು, "ಒಪ್ಕೊಂಡ ಮ್ಯಾಲ ಯಾವ ಮೇಸ್ತ್ರಿ ನನ್ನ ಕೆಲಸಕ್ಕ ಕರೀತಾನ್ರಿ ಸರ? ನಾವು ಹೋಗೋವೆಲ್ಲ ಸಾಮಾನು ಇರೋ ಮನಿ" ಅಂದ. ನಂಗೆ ಬಾಯಿ ಕಟ್ಟಿಹೋಯ್ತು. ಒಬ್ಬ ಮನುಷ್ಯನಿಗೆ ನೀನು ಕಳ್ಳ ಅಂತ ಒಪ್ಕೋ, ಅದೇ ಮನೆಗೆ ಹತ್ತಿರದ ದಾರಿ ಅಂತ ಸರ್ಕಾರಿ ಯೂನಿಫಾರ್ಮ್ ಹಾಕ್ಕೊಂಡು ಹೇಳೋನಾಗಿದೀನಿ ನಾನು. ಇದೇ ಥರ ಹೇಳಿ ಕಳಿಸಿದ ಹುಡುಗರು ಈಗ ಏನ್ ಮಾಡ್ಕೊಂಡಿದಾರೋ.

ಆಮೇಲೆ ನಾನು ಸುಮ್ನೆ ಕೂರಲಿಲ್ಲ, ನಮ್ಮಲ್ಲಿಗೆ ಬರೋ ಪ್ಯಾರಾ ಲೀಗಲ್ ವಾಲಂಟಿಯರ್ ಮೇಡಂ ಒಬ್ರನ್ನ ಹಿಡ್ಕೊಂಡು ಕೇಳಿ ಕೇಳಿ ತಿಳ್ಕೊಂಡೆ. ತಮಗೆ ಕಾನೂನು ಹೇಳೋ ಯೋಗ್ಯತೆ ನಂಗಿಲ್ಲ, ಆದ್ರೂ ಬರೀತೀನಿ, ಯಾಕಂದ್ರೆ ಇದು ನಮ್ಮ ಫೈಲುಗಳ ಹತ್ರ ಬರೋ ಹೊತ್ತಿಗೆ ಏನಾಗುತ್ತೆ ಅಂತ ತಮಗೆ ಕಾಣಲ್ಲ. 1978ರಲ್ಲಿ ಮೋತಿರಾಮ್ ವರ್ಸಸ್ ಮಧ್ಯಪ್ರದೇಶ ಸರ್ಕಾರ ಅಂತ ಸುಪ್ರೀಂ ಕೋರ್ಟಲ್ಲಿ ಒಂದು ಕೇಸು, ಜಸ್ಟಿಸ್ ವಿ.ಆರ್. ಕೃಷ್ಣ ಅಯ್ಯರ್ ತೀರ್ಪು. ಆ ಮೋತಿರಾಮ್ ಕೂಡ ಗಾರೆ ಕೆಲಸದವನೇ! ಮ್ಯಾಜಿಸ್ಟ್ರೇಟು 10,000 ರೂಪಾಯಿಗೆ ಶ್ಯೂರಿಟಿ ಕೇಳಿದ್ರು, ಒಡಹುಟ್ಟಿದೋನು ನಿಂತ್ಕೊಳಕ್ಕೆ ಬಂದ್ರೆ ಆಸ್ತಿ ಬೇರೆ ಜಿಲ್ಲೇಲಿದೆ ಅಂತ ಒಪ್ಪಲಿಲ್ಲ. ಸುಪ್ರೀಂ ಕೋರ್ಟು ಅದು ಸರಿಯಲ್ಲ ಅಂತ ಹೇಳಿ 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಡಿ ಅಂತು. ಆ ತೀರ್ಪು ಬಂದಾಗ ನಾನು ಹುಟ್ಟೇ ಇರಲಿಲ್ಲ. ನಮ್ಮ ಗಾರೆಯವನ ಅಣ್ಣ ಬಸ್ ಹತ್ತಿ ವಾಪಸ್ ಹೋಗಿದ್ದು 2024ರಲ್ಲಿ.

ಹಳೇದು ಬಿಡಿ, 2023ರ ಜನವರಿ 31ಕ್ಕೆ ಸುಪ್ರೀಂ ಕೋರ್ಟು ಬೇಲ್ ಸಿಕ್ಕೂ ಒಳಗಿರೋರ ಬಗ್ಗೆಯೇ ನಿರ್ದೇಶನ ಕೊಟ್ಟಿದೆ. ಬೇಲ್ ಆಗಿ 7 ದಿನದಲ್ಲಿ ಬಿಡುಗಡೆ ಆಗದಿದ್ರೆ ಜೈಲ್ ಸೂಪರಿಂಟೆಂಡೆಂಟು ಪ್ರಾಧಿಕಾರದ ಕಾರ್ಯದರ್ಶಿಗಳಿಗೆ ತಿಳಿಸ್ಬೇಕು, ಒಂದು ತಿಂಗಳಾದ್ರೂ ಶ್ಯೂರಿಟಿ ಕೊಡಕ್ಕಾಗದಿದ್ರೆ ಕೋರ್ಟು ತಾನಾಗೇ ಕಂಡೀಷನ್ ಸಡಿಲ ಮಾಡೋದನ್ನ ಪರಿಶೀಲಿಸಬಹುದು, ಲೋಕಲ್ ಶ್ಯೂರಿಟಿ ಅಂತ ಹಠ ಹಿಡಿಯೋದ್ರಿಂದಾನೂ ತಡ ಆಗುತ್ತೆ, ಅಂಥಾ ಕಡೆ ಅದನ್ನ ಹಾಕದೇ ಇರಬಹುದು ಅಂತ. ಏಳು ದಿನ, ಒಂದು ತಿಂಗಳು. ಇವನಿಗೆ ಹದಿನೇಳು ತಿಂಗಳು. ನಮ್ಮ ಕಡೆಯಿಂದ ಆ ಏಳನೇ ದಿನದ ಪತ್ರ ಹೋಗಿತ್ತಾ? ಫೈಲಲ್ಲಿ ಕಾಪಿ ಇಲ್ಲ. ಯಾರದೂ ಕೆಟ್ಟ ಬುದ್ಧಿ ಅಂತ ನಾನು ಹೇಳಲ್ಲ, ಒಬ್ಬ ಕ್ಲರ್ಕು, ನೂರಾರು ಫೈಲು, ಯಾರೂ ಕೇಳೋರಿಲ್ಲ ಅಷ್ಟೇ.

ತಮ್ಮ ಸಮಿತಿಗೆ ಇವನ ಹೆಸರು ಯಾಕೆ ಬಂದಿಲ್ಲ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ಹೊಸ ಬಿಎನ್‌ಎಸ್‌ಎಸ್ ಅನ್ನೋ ಕ್ರಿಮಿನಲ್ ಕೇಸು ನಡೆಸೋ ವಿಧಾನದ ಕಾನೂನಿನ ಸೆಕ್ಷನ್ 479ರಲ್ಲಿ ಹಿಂದೆ ಯಾವತ್ತೂ ಶಿಕ್ಷೆ ಆಗದೋರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದ್ರೆ ಬಾಂಡ್ ಮೇಲೆ ಬಿಡ್ಬೇಕು ಅಂತಿದೆ, ಅರ್ಜಿ ಹಾಕೋ ಜವಾಬ್ದಾರಿ ಜೈಲ್ ಸೂಪರಿಂಟೆಂಡೆಂಟರದ್ದೇ, 2024ರ ಆಗಸ್ಟಲ್ಲಿ ಸುಪ್ರೀಂ ಕೋರ್ಟು ಇದು ಹಳೇ ಕೇಸಿನೋರಿಗೂ ಅನ್ವಯ ಅಂದಿದೆ. 379ಕ್ಕೆ ಗರಿಷ್ಠ ಮೂರು ವರ್ಷ, ಅಂದ್ರೆ ಒಂದು ವರ್ಷಕ್ಕೇ ಆಗ್ಬೇಕಿತ್ತು, ಇವನಿಗೆ ಇಪ್ಪತ್ತು ತಿಂಗಳಾಯ್ತು, ಅರ್ಧಾನೂ ದಾಟಿದಾನೆ. ಆದ್ರೆ ಅದೇ ಸೆಕ್ಷನ್ನಿನ ಎರಡನೇ ಉಪಕಲಂ ಹೇಳುತ್ತೆ, ಒಂದಕ್ಕಿಂತ ಹೆಚ್ಚು ಕೇಸ್ ಇದ್ರೆ ಬಿಡಂಗಿಲ್ಲ ಅಂತ. ಹಳೇ ಕಾನೂನಿನ 436ಎ ನಲ್ಲಿ ಈ ಕೊಕ್ಕೆ ಇರಲಿಲ್ಲ. ನಮ್ಮ ಆಫೀಸಲ್ಲಿ ಲಿಸ್ಟ್ ಮಾಡುವಾಗ ಎರಡು ಕೇಸ್ ಅಂತ ಕಂಡ ತಕ್ಷಣ ಅನರ್ಹ ಅಂತ ಒಂದು ಗೀಟು ಎಳೆದು ಮುಂದಕ್ಕೆ ಹೋಗ್ತಾರೆ. ಸರಿ, 479ಕ್ಕೆ ಅನರ್ಹ ಅಂತಾನೇ ಇಟ್ಕೊಳ್ಳೋಣ, ಬೇಲ್ ಆಗಿ ಶ್ಯೂರಿಟಿ ಕೊಡಕ್ಕಾಗದೆ ಉಳಿದೋರನ್ನ ನೋಡೋದು ಈ ಸಮಿತಿಯದ್ದೇ ಬೇರೆ ಕೆಲಸ ಅಲ್ವಾ? ಆ ಕಾಲಂಗೂ ಇವನ ಹೆಸರು ಬಂದಿಲ್ಲ, ಒಂದು ಕಾಲಂನ ಗೀಟು ಎಲ್ಲ ಕಾಲಂಗೂ ಎಳೆದಂಗಾಗಿದೆ.

ಇದೇ ಬ್ಯಾರಕ್ಕಿಗೆ ಒಬ್ಬ ಸರಗಳ್ಳ ಬಂದಿದ್ದ, ನಮಗೆಲ್ಲ ಹಳೇ ಪರಿಚಯ, ಬಂದಾಗೆಲ್ಲ ವಾರ್ಡರುಗಳ ಮಕ್ಕಳ ಓದು ಹೆಂಗಿದೆ ಅಂತ ವಿಚಾರಿಸ್ತಾನೆ. ಬೇಲ್ ಆಗಿ ನಾಲ್ಕನೇ ದಿನಕ್ಕೆ ಹೊರಗೆ. ಶ್ಯೂರಿಟಿ ಹೆಂಗೆ ಅಂದ್ರೆ ನಕ್ಕ. ದುಡ್ಡು ಕೊಟ್ರೆ ಪಹಣಿ ಸಮೇತ ನಿಂತ್ಕೊಳೋ ಬಾಡಿಗೆ ಜಾಮೀನುದಾರರು ಇದಾರೆ ಅನ್ನೋದು ತಮಗೂ ಗೊತ್ತಿರೋ ಗುಟ್ಟೇ, ನಕಲಿ ಜಾಮೀನಿನ ಜಾಲ ಹಿಡಿದ್ರು ಅಂತ ಪೇಪರಲ್ಲಿ ಆಗಾಗ ಬರ್ತಾನೇ ಇರುತ್ತೆ. ಓಡಿಹೋಗದೇ ಇರ್ಲಿ ಅಂತಾನೇ ಶ್ಯೂರಿಟಿ ಕೇಳೋದು, ಅದನ್ನ ನಾನು ಒಪ್ತೀನಿ, ಬೇಲ್ ಮೇಲೆ ಹೋಗಿ ಮತ್ತೆ ವಾರಂಟಲ್ಲಿ ಬರೋರನ್ನ ನಾನೇ ಎಷ್ಟೋ ಜನರನ್ನ ನೋಡಿದೀನಿ. ಆದ್ರೆ ಈ ಜರಡೀಲಿ ಉದುರಿ ಹೊರಗೆ ಹೋಗ್ತಿರೋದು ಹಳೇ ಕಸುಬಿನೋರು, ಮೇಲೆ ಉಳಿಯೋನು ಗುಳೆ ಬಂದೋನು.

ಕೇಂದ್ರ ಸರ್ಕಾರದ್ದು ಬಡ ಕೈದಿಗಳಿಗೆ ನೆರವು ಅಂತ ಸ್ಕೀಮ್ ಇದೆಯಲ್ಲ, ವಿಚಾರಣಾಧೀನರಿಗೆ ಜಾಮೀನು ಹಣ ಕೊಡೋದು, ಅದನ್ನೂ ಕೇಳಿ ನೋಡ್ದೆ. ಇವನಿಗೆ ಆಗಲ್ಲ ಅಂದ್ರು. ಯಾಕಂದ್ರೆ ಕೋರ್ಟು ಇವನಿಗೆ ಕೇಳಿರೋದು ದುಡ್ಡಲ್ಲ, ಆಳು. ದುಡ್ಡು ಕೊಡೋ ಸ್ಕೀಮ್ ಇದೆ, ಆಳು ಕೊಡೋ ಸ್ಕೀಮ್ ಯಾವ ಸರ್ಕಾರದಲ್ಲೂ ಇಲ್ಲ.

2022ರ ಕೊನೇಲಿ ದೇಶದ ಜೈಲುಗಳಲ್ಲಿ ಇದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು ಅಂತ ಕೇಂದ್ರ ಸರ್ಕಾರದ ಅಪರಾಧ ದಾಖಲೆ ಸಂಸ್ಥೆ ಎನ್‌ಸಿಆರ್‌ಬಿ ಲೆಕ್ಕ. ನಾಲ್ಕರಲ್ಲಿ ಮೂರು. ನಮ್ಮ ಇಲಾಖೆ ಬೋರ್ಡಲ್ಲಿ ಕಾರಾಗೃಹ ಮತ್ತು ಸುಧಾರಣಾ ಸೇವೆ ಅಂತ ಬರೆಸಿದೀವಿ, ತಪ್ಪು ಮಾಡಿದಾನೋ ಇಲ್ವೋ ಅಂತಾನೇ ಗೊತ್ತಿಲ್ಲದೋನನ್ನ ಏನಂತ ಸುಧಾರಿಸೋದು ಅಂತ ನಂಗೆ ಅರ್ಥ ಆಗಿಲ್ಲ.

ನಾನು ಕೇಳ್ಕೊಳೋದು ಇಷ್ಟು. ಮುಂದಿನ ಮೀಟಿಂಗಿಗೆ ನಮ್ಮ ಆಫೀಸಿಂದ ಬರೋ ಲಿಸ್ಟನ್ನ ಮಾತ್ರ ನೋಡಬೇಡಿ, ದಯವಿಟ್ಟು ಇನ್ನೊಂದು ಲಿಸ್ಟ್ ಕೇಳಿ, ಬೇಲ್ ಆರ್ಡರ್ ಬಂದೂ ರಿಲೀಸ್ ಮೆಮೋ ಬರದೇ ಇರೋರ ಪೂರ್ತಿ ಪಟ್ಟಿ, ಒಂದು ಕೇಸಿರಲಿ ಐದು ಕೇಸಿರಲಿ, ಬೇಲ್ ಆದ ದಿನಾಂಕದ ಸಮೇತ. ಕಾಲಂ ನೋಡಿ ಗೀಟು ಎಳೆಯೋ ಅಧಿಕಾರ ನಮ್ಮ ಆಫೀಸಿಗೆ ಬಿಡಬೇಡಿ, ಅದು ತಾವೇ ಮಾಡಿ. ಊರಿನ ಪಹಣಿ ತಗೊಂಡು ಯಾದಗಿರಿಯಿಂದಾನೋ ರಾಯಚೂರಿಂದಾನೋ ಬಂದೋರನ್ನ ಕೋರ್ಟ್ ಆವರಣದಲ್ಲೇ ಯಾರೋ ವಾಪಸ್ ಕಳಿಸೋ ಹಂಗೆ ಆಗಬಾರದು, ಪ್ರಾಧಿಕಾರದೋರು ಒಬ್ಬರು ಬಾಗಿಲಲ್ಲಿ ಕೂತು ಅವರನ್ನ ಒಳಗೆ ಕರ್ಕೊಂಡು ಹೋಗಲಿ. ಸಮಿತಿ ಸಂಬಂಧಪಟ್ಟ ಕೋರ್ಟಿಗೆ ಶಿಫಾರಸು ಬರೆದು, ಇಂಥೋರಿಗೆ ಶ್ಯೂರಿಟಿ ಬದಲು ಸ್ವಂತ ಬಾಂಡು ಅಥವಾ ಸಣ್ಣ ಮೊತ್ತದ ನಗದು ಅಂತ ಬದಲಾಯಿಸೋಕೆ ಕೇಳಲಿ, ನಗದು ಅಂತ ಆದ್ರೆ ಆ ಬಡ ಕೈದಿಗಳ ಸ್ಕೀಮು ಇವನಿಗೂ ತಾಕುತ್ತೆ, ಡಿಸಿ ಸಾಹೇಬ್ರು ಅದೇ ಟೇಬಲ್ಲಲ್ಲೇ ಇರ್ತಾರಲ್ಲ. ಇನ್ನು, ಯುಟಿಗಳಿಗೆ ತಪ್ಪು ಒಪ್ಕೋ ಅಂತ ಬುದ್ಧಿ ಹೇಳೋ ನನ್ನಂಥ ವಾರ್ಡರುಗಳಿಗೆ ಒಂದು ದಿನದ ಟ್ರೈನಿಂಗ್ ಆದ್ರೂ ಕೊಡಿಸಿ, ಏನು ಹೇಳಬಾರದು ಅನ್ನೋದು ನಮಗೆ ಯಾರೂ ಹೇಳ್ಕೊಟ್ಟಿಲ್ಲ.

ಅವನ ಹೆಸರು, ಯುಟಿ ನಂಬರ್ ಇಲ್ಲಿ ಹಾಕಿಲ್ಲ, ಅವನನ್ನ ಕೇಳದೇ ಹಾಕೋದು ಸರಿಯಲ್ಲ. ಆ ಪಟ್ಟಿ ತರಿಸಿದ್ರೆ ಅದ್ರಲ್ಲೇ ಸಿಗ್ತಾನೆ. ಅವನೊಬ್ಬನೇ ಸಿಗ್ತಾನೆ ಅಂತಾನೂ ನಂಗೆ ಅನ್ಸಲ್ಲ.

ಮುಂದಿನ ತಾರೀಖು ಇನ್ನು ಹದಿನಾಲ್ಕು ದಿನ ಇದೆ, ಮತ್ತೆ ವಿಸೀಲೇ. ಮೊನ್ನೆ ಬ್ಯಾರಕ್ ಗೋಡೆ ಇನ್ನೊಂದು ಕಡೆ ಕುಟ್ಟಿ ತೋರಿಸಿದಾನೆ, ಅದೂ ಟೊಳ್ಳಂತೆ. ಈ ಸಲ ನಾನು ಬೈದಿಲ್ಲ, ಅಲ್ಲಿ ಹಾಸಿಗೆ ಹಾಕ್ಕೋಬೇಡಿ ಅಂತ ಹುಡುಗರಿಗೆ ಹೇಳಿದೀನಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಾರ್ಡರ್
ಜುಲೈ 2025